ಜಿಗಿಯುವ ಮೊದಲು ನಿಲ್ಲಲು ಕಲಿಯಲಿ

ನಾಯಿ ಓಡಿ ಬಂದು ಕೋಲು ಹಾರುತ್ತದೆ, ಟನಲ್ ಒಳಗೆ ನುಗ್ಗಿ ಆಚೆ ಬದಿಯಲ್ಲಿ ಹೊರಬರುತ್ತದೆ, ಸಾಲಾಗಿ ನೆಟ್ಟ ಗಳಗಳ ನಡುವೆ ಅತ್ತಿತ್ತ ನುಸುಳುತ್ತದೆ. ಪಕ್ಕದಲ್ಲಿ ಮಾಲೀಕ ಕೈ ಬೀಸುತ್ತ ಓಡುತ್ತಾನೆ. ಮೊಬೈಲಿನಲ್ಲಿ ಅರ್ಧ ನಿಮಿಷದ ಇಂಥ ವಿಡಿಯೊ ನೋಡಿದವರಿಗೆ ಡಾಗ್ ಅಜಿಲಿಟಿ ಎಂದರೆ ಒಂದು ಚುರುಕು ನಾಯಿ, ನಾಲ್ಕು ಅಡೆತಡೆ, ಒಂದು ಮೈದಾನ, ಇಷ್ಟೇ ಅನ್ನಿಸಿದರೆ ತಪ್ಪಲ್ಲ. ತರಗತಿ ನಡೆಸುವವರೂ ಸೇರುವವರೂ ಮೊದಲ ದಿನವೇ ನಾಯಿಯನ್ನು ಹರ್ಡಲ್ ಎದುರು ತಂದು ನಿಲ್ಲಿಸುವುದಕ್ಕೆ ಈ ಭಾವನೆಯೇ ಕಾರಣ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಈ ತರಬೇತಿಯ ಜೀವಾಳ ಇರುವುದು ಅಡೆತಡೆಗಳಲ್ಲಿ ಅಲ್ಲ, ಹಂತಗಳಲ್ಲಿ. ಯಾವ ನಾಯಿ ಯಾವ ಹಂತದಲ್ಲಿರಬೇಕು ಎಂಬುದನ್ನು ಅದರ ವಯಸ್ಸು, ಮೈಕಟ್ಟು ಮತ್ತು ಅದನ್ನು ಓಡಿಸುವ ಮನುಷ್ಯನ ಕಲಿಕೆ ತೀರ್ಮಾನಿಸಬೇಕು; ಕಟ್ಟಿದ ಶುಲ್ಕ, ಕಳೆದ ತಿಂಗಳು, ತಳಿಯ ಹೆಸರು ಅಲ್ಲ. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಮಟ್ಟಿಗೆ ಹೇಳುವುದಾದರೆ ಮೊದಲು ಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ಹಂತ. ಅದಕ್ಕೆ ಒಂದು ಹರ್ಡಲ್ಲೂ ಬೇಡ.

ಈ ಆಟ ಹುಟ್ಟಿದ್ದೇ ಬಿಡುವಿನ ಹೊತ್ತು ತುಂಬಲು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಸಂಘಟಕರಲ್ಲೊಬ್ಬರಾದ ಜಾನ್ ವಾರ್ಲಿ, ಎರಡು ಸ್ಪರ್ಧೆಗಳ ನಡುವೆ ಪ್ರೇಕ್ಷಕರು ಎದ್ದು ಹೋಗದಂತೆ ಏನಾದರೂ ಮಾಡಬೇಕೆಂದು ಪೀಟರ್ ಮೀನ್‌ವೆಲ್ ಎಂಬ ತರಬೇತುದಾರರ ನೆರವು ಪಡೆದರು. ಕುದುರೆಗಳ ಜಿಗಿತದ ಸ್ಪರ್ಧೆಯನ್ನೇ ನಾಯಿಗಳ ಅಳತೆಗೆ ಇಳಿಸಿ ಪ್ರದರ್ಶನ ಏರ್ಪಾಡಾಯಿತು. ಎರಡೇ ವರ್ಷದಲ್ಲಿ, 1980ರಲ್ಲಿ, ಬ್ರಿಟನ್ನಿನ ಕೆನಲ್ ಕ್ಲಬ್ ಇದಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಇದು ಸರ್ಕಸ್ಸಿನ ಕಸರತ್ತಿಗಿಂತ ಬೇರೆಯಾಗಲು ಕಾರಣ ಒಂದು ನಿಯಮ. ಅಡೆತಡೆಗಳ ಕ್ರಮ ಪ್ರತಿ ಸ್ಪರ್ಧೆಯಲ್ಲೂ ಬದಲಾಗುತ್ತದೆ. ಓಟಕ್ಕೆ ಮೊದಲು ಕೆಲವು ನಿಮಿಷ ಮೈದಾನದಲ್ಲಿ ನಡೆದು ದಾರಿಯನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳುವ ಅವಕಾಶ ಮನುಷ್ಯನಿಗೆ ಮಾತ್ರ. ನಾಯಿ ಆ ದಾರಿಯನ್ನು ಮೊದಲ ಸಲ ಕಾಣುವುದು ಓಡುವಾಗಲೇ. ಓಟದ ವೇಳೆ ನಾಯಿಯನ್ನು ಮುಟ್ಟುವಂತಿಲ್ಲ, ಕೈಯಲ್ಲಿ ತಿಂಡಿ ಹಿಡಿಯುವಂತಿಲ್ಲ. ಉಳಿಯುವುದು ಮಾತು, ಕೈಸನ್ನೆ, ಹೆಗಲು ತಿರುಗಿದ ದಿಕ್ಕು, ಹೆಜ್ಜೆಯ ವೇಗ. ಹಾಗಾಗಿ ನಾಯಿ ತಪ್ಪು ಅಡೆತಡೆಯತ್ತ ಓಡಿದರೆ ಹತ್ತರಲ್ಲಿ ಎಂಟು ಸಲ ತಪ್ಪು ಸನ್ನೆ ಕೊಟ್ಟವನು ಮನುಷ್ಯನೇ ಎಂದು ಈ ಕ್ಷೇತ್ರದ ಅನುಭವಿಗಳು ನಗುತ್ತಾರೆ. ಲೆಕ್ಕ ತಮಾಷೆಯದು, ಮಾತು ತಮಾಷೆಯದಲ್ಲ.

ಹಂತಗಳು ಯಾಕೆ ಬೇಕೆಂಬುದಕ್ಕೆ ಉತ್ತರ ಇಲ್ಲಿಂದಲೇ ಸಿಗುತ್ತದೆ. 1994ರಿಂದ ಅಜಿಲಿಟಿ ಸ್ಪರ್ಧೆ ನಡೆಸುತ್ತಿರುವ ಅಮೆರಿಕನ್ ಕೆನಲ್ ಕ್ಲಬ್‌ನಲ್ಲಿ ಮೊದಲ ದರ್ಜೆಯಾದ ನೊವೀಸ್‌ಗೆ 14ರಿಂದ 16 ಅಡೆತಡೆ, ನುಸುಳಲು 6 ಗಳ. ಅದರ ಮೇಲಿನ ಓಪನ್‌ನಲ್ಲಿ 16ರಿಂದ 18 ಅಡೆತಡೆ, 12 ಗಳ. ಅದಕ್ಕೂ ಮೇಲೆ 18ರಿಂದ 20. ಎಣಿಕೆಯಲ್ಲಿ ಹೆಚ್ಚಳ ಸಣ್ಣದು. ನಿಜವಾಗಿ ಏರುವುದು ತಿರುವುಗಳ ಬಿಗಿ ಮತ್ತು ಮನುಷ್ಯ ಮುಂಚಿತವಾಗಿ ತೆಗೆದುಕೊಳ್ಳಬೇಕಾದ ತೀರ್ಮಾನಗಳು. ನೊವೀಸ್ ಪದವಿ ಸಿಗಬೇಕಾದರೆ ಇಬ್ಬರು ಬೇರೆ ಬೇರೆ ತೀರ್ಪುಗಾರರ ಎದುರು ಒಟ್ಟು ಮೂರು ಸಲ ಅರ್ಹ ಅಂಕ ಗಳಿಸಬೇಕು. ಒಂದು ದಿನದ ಅದೃಷ್ಟ, ಒಬ್ಬ ತೀರ್ಪುಗಾರನ ದಾಕ್ಷಿಣ್ಯ ಎರಡೂ ಅಲ್ಲಿ ಸಾಲದು. ಇಷ್ಟು ಕಾಲದ ಅನುಭವದ ನಂತರ ಈ ಆಟ ಕಂಡುಕೊಂಡ ಬುದ್ಧಿ ಇದೇ: ಮೇಲಿನ ಹಂತಕ್ಕೆ ಕಳಿಸುವುದು ಮರ್ಯಾದೆಗಾಗಿ ಅಲ್ಲ, ಪುರಾವೆ ನೋಡಿ.

ಮೈಕಟ್ಟಿನ ಪ್ರಶ್ನೆ ಇನ್ನೂ ಕಟುವಾದದ್ದು. ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಮೆದು ಪದರವಿರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದ. ಬಹುತೇಕ ನಾಯಿಗಳಲ್ಲಿ ಅದು ಗಟ್ಟಿಯಾಗುವುದಕ್ಕೆ ಸುಮಾರು ಒಂದು ವರ್ಷ ಬೇಕು, ಭಾರೀ ಮೈಯ ತಳಿಗಳಿಗೆ ಒಂದೂವರೆ ವರ್ಷದವರೆಗೂ ಹಿಡಿಯುತ್ತದೆ. ಅದಕ್ಕೆ ಮೊದಲು ಎತ್ತರದಿಂದ ಮತ್ತೆ ಮತ್ತೆ ಧುಮುಕಿದರೆ ಆ ಪದರಕ್ಕೆ ಪೆಟ್ಟಾಗಿ ಕಾಲು ಸೊಟ್ಟಗೆ ಬೆಳೆಯುವ ಅಪಾಯವಿದೆ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ತನ್ನ ಸ್ಪರ್ಧೆಗಳಿಗೆ 18 ತಿಂಗಳು ತುಂಬದ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಈ ಮಿತಿ 15 ತಿಂಗಳು. ಎಫ್‌ಸಿಐನಲ್ಲಿ ಎತ್ತರಕ್ಕೂ ಲೆಕ್ಕವಿದೆ. ಹೆಗಲಿನ ಎತ್ತರ 35 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಣ್ಣ ವರ್ಗ, 48 ಸೆಂ.ಮೀ. ಮತ್ತು ಅದಕ್ಕೆ ಮೇಲಾದರೆ ದೊಡ್ಡ ವರ್ಗ, ನಡುವೆ ಇನ್ನೆರಡು. ನಮ್ಮ ಬಡಾವಣೆಗಳ ಪೊಮೇರಿಯನ್ ಮತ್ತು ಮುಧೋಳ ನಾಯಿ ಒಂದೇ ಕೋಲನ್ನು ಹಾರಬೇಕಾದ ತರಗತಿ ಎರಡಕ್ಕೂ ಅನ್ಯಾಯ. ಎ-ಫ್ರೇಮ್ ಎಂದು ಕರೆಯುವ ಇಳಿಜಾರು ಹಲಗೆಗಳ ತುದಿ ನೆಲದಿಂದ 1.7 ಮೀಟರ್ ಮೇಲಿರುತ್ತದೆ. ಅದರ ಬುಡದಲ್ಲಿ ಬೇರೆ ಬಣ್ಣ ಬಳಿದ ಪಟ್ಟಿಗೆ ನಾಯಿ ಕಾಲು ತಾಗಿಸಿಯೇ ಇಳಿಯಬೇಕು ಎಂಬ ನಿಯಮ ಬಂದದ್ದೇ ಮೇಲಿನಿಂದ ಹಾರಿ ಹೆಗಲು ಮುರಿದುಕೊಳ್ಳದಿರಲಿ ಎಂದು. ಹಾರುವ ಕೋಲು ತಾಗಿದರೆ ಬೀಳಬೇಕು. ಕಟ್ಟಿ ಬಿಗಿದ ಕೋಲಿರುವ ಮೈದಾನಕ್ಕೆ ನಾಯಿಯನ್ನು ಕರೆದೊಯ್ಯಲೇಬಾರದು.

ಇದು ಬರೀ ಎಚ್ಚರಿಕೆಯ ಮಾತಲ್ಲ, ಲೆಕ್ಕವೂ ಹೀಗೇ ಹೇಳುತ್ತದೆ. ಕಿಂಬರ್ಲಿ ಕಲೆನ್ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 27 ದೇಶಗಳ 3,801 ಅಜಿಲಿಟಿ ನಾಯಿಗಳ ಮಾಹಿತಿ ಇತ್ತು. ಶೇ 32ರಷ್ಟು ನಾಯಿಗಳು ಒಮ್ಮೆಯಾದರೂ ಗಾಯಗೊಂಡಿದ್ದವು. ಹೆಚ್ಚಿನ ಪೆಟ್ಟು ಹೆಗಲಿಗೆ ಮತ್ತು ಬೆನ್ನಿಗೆ. ನಾಲ್ಕು ವರ್ಷಕ್ಕಿಂತ ಹೆಚ್ಚು ಅನುಭವವಿದ್ದ ನಾಯಿಗಳಲ್ಲೂ, ಐದು ವರ್ಷ ದಾಟಿದ ಅನುಭವಿಗಳು ಓಡಿಸುತ್ತಿದ್ದ ನಾಯಿಗಳಲ್ಲೂ ಗಾಯದ ಸಾಧ್ಯತೆ ಕಡಿಮೆ ಕಂಡುಬಂತು. ಇದಕ್ಕೊಂದು ಆಕ್ಷೇಪ ಎತ್ತಬಹುದು: ಪೆಟ್ಟು ತಿಂದ ನಾಯಿಗಳು ಆಟವನ್ನೇ ಬಿಟ್ಟುಹೋಗುವುದರಿಂದ ಉಳಿದವು ಗಟ್ಟಿಮುಟ್ಟಾಗಿ ಕಾಣುತ್ತವೆ, ಅದರಲ್ಲಿ ಅನುಭವದ ಹೆಚ್ಚುಗಾರಿಕೆ ಏನು? ನಾಯಿಯ ಮಟ್ಟಿಗೆ ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಮನುಷ್ಯನ ಅನುಭವದ ವಿಷಯದಲ್ಲಿ ಅದು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಒಬ್ಬ ಅನುಭವಿ ಹೊಸ ನಾಯಿಯನ್ನೂ ಓಡಿಸಬಹುದಲ್ಲ. ಹಾಗಾದರೆ ಹೊಸಬರಿಬ್ಬರು, ಅಂದರೆ ಹೊಸ ನಾಯಿ ಮತ್ತು ಹೊಸ ಮಾಲೀಕ, ಒಟ್ಟಿಗೆ ಬಂದಾಗಲೇ ಅಪಾಯ ಹೆಚ್ಚು ಎಂದಾಯಿತು. ಬೀದರ್ ಜಿಲ್ಲೆಯಲ್ಲಿ ತರಗತಿ ಶುರುವಾದರೆ ಮೊದಲ ತಂಡದಲ್ಲಿರುವವರೆಲ್ಲ ಇಂಥ ಹೊಸ ಜೋಡಿಗಳೇ.

ಕಲಿಕೆಯ ವೇಗದ ಬಗ್ಗೆಯೂ ನಮ್ಮ ಸಾಮಾನ್ಯ ನಂಬಿಕೆ ತಲೆಕೆಳಗಾಗಿದೆ. ದಿನವೂ ಎರಡು ಗಂಟೆ ತಿದ್ದಿದರೆ ಬೇಗ ಕಲಿಯುತ್ತದೆ ಎನ್ನುವವರೇ ಹೆಚ್ಚು. ಡೆನ್ಮಾರ್ಕಿನ ಸಂಶೋಧಕರು 44 ಬೀಗಲ್ ನಾಯಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಒಂದೆರಡು ಸಲ ಮಾತ್ರ ಪಾಠ ಹೇಳಿಸಿಕೊಂಡ ನಾಯಿಗಳು ದಿನನಿತ್ಯ ಪಾಠ ಪಡೆದವುಗಳಿಗಿಂತ ಕಡಿಮೆ ಪಾಠಗಳಲ್ಲೇ ಕಲಿತವು. ಚಿಕ್ಕ ಪಾಠ ಉದ್ದ ಪಾಠಕ್ಕಿಂತ ಹೆಚ್ಚು ಫಲ ಕೊಟ್ಟಿತು. ಬಡಿದು ಬುದ್ಧಿ ಕಲಿಸುವ ಪದ್ಧತಿಗೂ ಇಂಥದೇ ಉತ್ತರವಿದೆ. ಪೋರ್ಚುಗಲ್ಲಿನ ಪೋರ್ಟೊ ನಗರದ ತರಬೇತಿ ಶಾಲೆಗಳ 92 ನಾಯಿಗಳನ್ನು ಗಮನಿಸಿದ 2020ರ ಅಧ್ಯಯನದಲ್ಲಿ, ಚೈನ್ ಜಗ್ಗಿ ಗದರಿಸಿ ಕಲಿಸುವ ಶಾಲೆಗಳ ನಾಯಿಗಳು ಪಾಠದ ವೇಳೆ ಹೆಚ್ಚು ಒತ್ತಡದ ಲಕ್ಷಣ ತೋರಿದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕೂಡ ಹೆಚ್ಚು ಏರಿತ್ತು. ಬೇಯಿಸಿದ ಕೋಳಿಯ ಚೂರು, ಮೊಟ್ಟೆಯ ತುಂಡು, ಜೋಳದ ರೊಟ್ಟಿಯ ಚೂರು, ಒಂದು ಹಳೆಯ ಚೆಂಡು ಇದ್ದರೆ ಬಹುಮಾನಕ್ಕೆ ಸಾಕು. ಮಾತು ಕನ್ನಡವಾಗಲಿ, ಮರಾಠಿ, ಉರ್ದು, ಲಂಬಾಣಿಯಾಗಲಿ ನಾಯಿಗೆ ಭೇದವಿಲ್ಲ. ಮನೆಯವರೆಲ್ಲ ಒಂದು ಕೆಲಸಕ್ಕೆ ಒಂದೇ ಮಾತು ಬಳಸಿದರಾಯಿತು.

ಹಾಗಾದರೆ ಹಂತಗಳನ್ನು ಹೇಗೆ ಕಟ್ಟಬೇಕು? ನಾಲ್ಕು ಸಾಕು. ಬುನಾದಿಯ ಹಂತಕ್ಕೆ ಚುಚ್ಚುಮದ್ದು ಮುಗಿಸಿದ ನಾಲ್ಕು ತಿಂಗಳ ಮರಿಯೂ ಬರಬಹುದು, ಆರು ವರ್ಷದ ನಾಯಿಯೂ ಬರಬಹುದು. ಇಲ್ಲಿ ಜಿಗಿತವಿಲ್ಲ. ಹೆಸರು ಕರೆದರೆ ತಿರುಗುವುದು, ಹೇಳಿದಲ್ಲಿ ನಿಲ್ಲುವುದು, ಕರೆದಾಗ ಬರುವುದು, ನೆಲದ ಮೇಲಿಟ್ಟ ಹಲಗೆಯ ಮೇಲೆ ಹಿಂಗಾಲನ್ನೂ ಅರಿವಿಟ್ಟು ನಡೆಯುವುದು, ಚಿಕ್ಕ ಟನಲ್ ದಾಟುವುದು, ಇಷ್ಟೇ. ಬೆಲ್ಟ್ ಬಿಚ್ಚಿದಾಗ, ಹತ್ತಿರದಲ್ಲಿ ಇನ್ನೊಂದು ನಾಯಿ ಇದ್ದರೂ, ಒಂದೇ ಕರೆಗೆ ಮಾಲೀಕನ ಬಳಿ ಬರುವುದು ಈ ಹಂತದ ಪರೀಕ್ಷೆ. ಎರಡನೆಯದು ಆರಂಭದ ಹಂತ. ವರ್ಷ ತುಂಬಿದ ನಾಯಿಗೆ ಮೊಣಕೈಗಿಂತ ಕೆಳಗಿನ ಕೋಲು, ತಗ್ಗಿಸಿದ ಎ-ಫ್ರೇಮ್, ಎರಡು ಮೂರು ಅಡೆತಡೆಗಳ ಸರಣಿ. ಏರುಪೇರಾಗುವ ಸೀಸಾ ಹಲಗೆ ನೆಲಕ್ಕೆ ಬಡಿದಾಗಿನ ಸದ್ದಿಗೆ ಎಷ್ಟೋ ನಾಯಿಗಳು ಬೆದರುವುದರಿಂದ ಅದನ್ನು ಬೆರಳಷ್ಟು ಎತ್ತರದಿಂದ ಶುರು ಮಾಡಬೇಕು. ಒಂದೂವರೆ ವರ್ಷದ ನಂತರದ ಮಧ್ಯಮ ಹಂತದಲ್ಲಿ 6, ಆಮೇಲೆ 12 ಗಳಗಳ ನುಸುಳಾಟ, ಪೂರ್ಣ ಎತ್ತರ, ಓಡುವಾಗ ನಾಯಿಯ ಎದುರಿನಿಂದ ಅಥವಾ ಹಿಂದಿನಿಂದ ಬದಿ ಬದಲಿಸುವ ಹೆಜ್ಜೆಗಳು. ಮುಂದುವರಿದ ಹಂತದಲ್ಲಿ ಮಾತ್ರ ಪೂರ್ಣ ಕೋರ್ಸ್, ಗಡಿಯಾರ, ಸ್ಪರ್ಧೆ. ಎಲ್ಲರನ್ನೂ ಒಟ್ಟಿಗೆ ಹಾಕಿ ಒಂದು ಗಂಟೆ ನಡೆಸುವ ತರಗತಿಯಲ್ಲಿ ಎಂಟು ನಾಯಿಗಳಿದ್ದರೆ ಒಂದಕ್ಕೆ ಸಿಗುವುದು ಏಳೂವರೆ ನಿಮಿಷ. ಉಳಿದ ಹೊತ್ತು ಹೊಸ ನಾಯಿ ಬೊಗಳುತ್ತ ಕೂಡುತ್ತದೆ, ಪಳಗಿದ ನಾಯಿ ಬೇಸರದಲ್ಲಿ ಕಾಯುತ್ತದೆ.

ಈ ಚೌಕಟ್ಟನ್ನು ನಮ್ಮ ನೆಲಕ್ಕೆ ತಂದಾಗ ಕೆಲವು ವಿಷಯಗಳು ತಾವಾಗಿಯೇ ತೀರ್ಮಾನವಾಗುತ್ತವೆ. ಬೀದರ್ ನಗರ ಕುಳಿತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಒಣಗಿದ ಆ ನೆಲ ಜಿಗಿದಿಳಿಯುವ ಕಾಲಿಗೆ ತೀರಾ ಗಟ್ಟಿ. ಭಾಲ್ಕಿ, ಔರಾದ್ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಕೀಳಲು ಬಿಡದೆ ಅಂಟುತ್ತದೆ. ಓಡುವ ನಾಯಿಯ ಪಾದ ಬಿರುಕಿಗೆ ಸಿಕ್ಕರೆ ಮುರಿತವೇ ಗತಿ. ಆದ್ದರಿಂದ ಎತ್ತರದ ಜಿಗಿತಕ್ಕೆ ಮರಳು ಮಿಶ್ರಿತ ಮಣ್ಣು ಹಾಕಿದ ಅಥವಾ ಹುಲ್ಲು ಬೆಳೆಸಿದ ಅಂಗಳ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಮುಖ್ಯವಾಗಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಹೀಗಾಗಿ ಬೆಳಗಿನ ಹೊತ್ತು ಬಿಟ್ಟರೆ ಬೇಸಿಗೆಯಲ್ಲಿ ಪಾಠವೇ ಬೇಡ. ಮೂಗು ಚಪ್ಪಟೆಯಾದ ಪಗ್‌ನಂಥ ನಾಯಿಗಳಿಗೆ ಓಟದ ಪಾಠವೇ ಬೇಡ. ಇನ್ನೊಂದು ಸ್ಥಳೀಯ ಸಂಗತಿ, ಈ ಬಯಲಿನ ಕೃಷ್ಣಮೃಗಗಳು. ಮುಧೋಳ, ಕಾರವಾನ್ ಎಂದು ಕರೆಸಿಕೊಳ್ಳುವ ಬೇಟೆನಾಯಿಗಳು ಕಣ್ಣಿಗೆ ಬಿದ್ದದ್ದನ್ನು ಅಟ್ಟಲೆಂದೇ ತಲೆಮಾರುಗಳಿಂದ ಬೆಳೆದವು. ಬೇಲಿಯಿಲ್ಲದ ಹೊಲದಲ್ಲಿ ಬೆಲ್ಟ್ ಬಿಚ್ಚಿದ ಇಂಥ ನಾಯಿಗೆ ದೂರದಲ್ಲೊಂದು ಚಿಗರೆ ಕಂಡರೆ ತರಗತಿ ಅಲ್ಲಿಗೆ ಮುಗಿಯಿತು, ವನ್ಯಜೀವಿ ಕಾಯ್ದೆಯ ಕಥೆ ಶುರುವಾಯಿತು. ಬುನಾದಿ ಹಂತದ ಆ ಒಂದೇ ಪರೀಕ್ಷೆ ಇಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸ್ಥಳೀಯ ಬಲವೂ ಕಡಿಮೆಯಿಲ್ಲ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್. ಪಶುವೈದ್ಯಕೀಯ ಕಾಲೇಜೂ ಇಲ್ಲೇ ಇದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ತಳಿ ಕಾಯುತ್ತಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೇ ವಿಶ್ವವಿದ್ಯಾಲಯದ್ದು. ನಾಯಿಯ ಕೀಲು, ಮೂಳೆ, ಹೃದಯ ನೋಡಿ ಯಾವ ಹಂತಕ್ಕೆ ಯೋಗ್ಯ ಎಂದು ಹೇಳಬಲ್ಲವರು ಇರುವ ಊರಿನಲ್ಲೇ ಎತ್ತರದ ಉಪಕರಣ ಇರುವುದು ನ್ಯಾಯ. ಆದ್ದರಿಂದ ಮಧ್ಯಮ ಮತ್ತು ಮುಂದುವರಿದ ಹಂತಗಳು ಬೀದರ್ ನಗರದಲ್ಲಿರಲಿ. ಬುನಾದಿ ಮತ್ತು ಆರಂಭದ ಹಂತಗಳು ಭಾಲ್ಕಿ, ಔರಾದ್‌ಗಳಲ್ಲೇ ನಡೆಯಲಿ. ಬುನಾದಿಗೆ ಬೇಕಾದದ್ದು ಬೇಲಿ ಇರುವ ಒಂದು ಅಂಗಳ, ಒಂದೆರಡು ಹಲಗೆ, ಪಿವಿಸಿ ಪೈಪು, ಒಂದು ಟನಲ್. ತಾಲ್ಲೂಕಿನ ಬಡಗಿ, ವೆಲ್ಡಿಂಗ್ ಅಂಗಡಿಯವರು ಮಾಡಿಕೊಡಬಲ್ಲ ಸಾಮಾನು. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ವರ್ಷಕ್ಕೊಮ್ಮೆ ನಾಯಿಗಳನ್ನು ನೋಡಿ ಚುಚ್ಚುಮದ್ದಿನ ಚೀಟಿ ಪರಿಶೀಲಿಸಿದರೆ ಸಾಕು. ವಾರಕ್ಕೆ ಒಂದೆರಡು ಪಾಠ ಸಾಕೆಂದು ಡೆನ್ಮಾರ್ಕಿನ ಆ ಪ್ರಯೋಗವೇ ಹೇಳುವುದರಿಂದ ಒಬ್ಬನೇ ತರಬೇತುದಾರ ಮೂರೂ ಊರಿಗೆ ಹೋಗಿಬರಬಹುದು.

ಬಲವಾದ ಆಕ್ಷೇಪ ಬರುವುದು ಬೀದಿಯಿಂದ. ಬೀದಿ ನಾಯಿ ಕಚ್ಚಿ ಮಕ್ಕಳು ರೇಬಿಸ್ ಇಂಜೆಕ್ಷನ್‌ಗೆ ಸಾಲುಗಟ್ಟುವಾಗ ಸಾಕುನಾಯಿಗೆ ಕೋಲು ಹಾರಿಸುವ ಆಟ ಯಾರಿಗೆ ಬೇಕು? ಸಿಟ್ಟು ನ್ಯಾಯವಾದದ್ದು. ಅಜಿಲಿಟಿ ತರಗತಿಯಿಂದ ಬೀದಿ ನಾಯಿಯ ಸಮಸ್ಯೆ ಬಗೆಹರಿಯುತ್ತದೆ ಎಂದು ಹೇಳಿದರೆ ಅದು ಮೋಸ. ಆ ಕೆಲಸ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಡಿ ಸ್ಥಳೀಯ ಸಂಸ್ಥೆಗಳದ್ದು, ಅದನ್ನು ಬೇರೆ ಯಾರ ತಲೆಗೂ ಕಟ್ಟಲಾಗದು. ಆದರೆ ಎರಡರ ನಡುವೆ ನಂಟಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಗೇಟು ತೆರೆದಾಗ ನುಗ್ಗಿ ಕಚ್ಚುವ ಸಾಕುನಾಯಿ, ಹಿಡಿತಕ್ಕೆ ಸಿಗದೆಂದು ಊರಾಚೆ ಬಿಟ್ಟು ಬಂದ ನಾಯಿ, ಇವು ಮನೆಯಿಂದಲೇ ಬೀದಿಗೆ ಸೇರುವ ಸಮಸ್ಯೆಗಳು. ರೇಬಿಸ್ ಚುಚ್ಚುಮದ್ದಿನ ಚೀಟಿಯಿಲ್ಲದೆ ಒಳಗೆ ಬಿಡದ ತರಗತಿ, ಕರೆದರೆ ನಿಲ್ಲುವ ನಾಯಿಯನ್ನು ತಯಾರಿಸುವ ತರಗತಿ, ಆ ಮಟ್ಟಿಗಾದರೂ ಬೀದಿಗೆ ಉಪಕಾರವೇ. ಜೊತೆಗೆ, ಬೀದಿಯಿಂದ ತಂದು ಸಾಕಿದ ನಾಡತಳಿಯ ನಾಯಿಗೂ ಈ ಆಟದಲ್ಲಿ ಜಾಗವಿದೆ. ತಳಿಶುದ್ಧಿಗೆ ಹೆಸರಾದ ಅಮೆರಿಕನ್ ಕೆನಲ್ ಕ್ಲಬ್ಬೇ 2010ರಿಂದ ಮಿಶ್ರತಳಿಗಳಿಗೆ ಅಜಿಲಿಟಿ ಸ್ಪರ್ಧೆ ತೆರೆದಿದೆ. ಹಗುರ ಮೈ, ಬಿಸಿಲು ತಾಳುವ ಗುಣ ಇರುವ ನಮ್ಮ ಊರನಾಯಿ ಈ ಹವೆಯಲ್ಲಿ ಭಾರದ ಲ್ಯಾಬ್ರಡಾರ್‌ಗಿಂತ ಹೆಚ್ಚು ಹೊತ್ತು ಓಡಬಲ್ಲದು.

ಬೇಟೆನಾಯಿ ಹೇಳಿದ್ದು ಕೇಳುವುದಿಲ್ಲ, ಈ ಸೀಮೆಗೆ ಇದು ಒಗ್ಗದ ಆಟ ಎನ್ನುವವರೂ ಇದ್ದಾರೆ. ಬಿಗಿಯಾದ ತಿರುವುಗಳಲ್ಲಿ ಮುಧೋಳ ನಾಯಿ ಕುರಿ ಕಾಯುವ ಬಾರ್ಡರ್ ಕೋಲಿಯನ್ನು ಸೋಲಿಸಲಾರದು, ಒಪ್ಪೋಣ. ಅದರ ಉದ್ದನೆಯ ಜಿಗಿತದ ಓಟ ನೇರ ದಾರಿಗೆ ಹೇಳಿಮಾಡಿಸಿದ್ದು. ಕಲಿಯುವುದೇ ಇಲ್ಲ ಎನ್ನುವುದು ಮಾತ್ರ ಸುಳ್ಳು. ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಜಾಡು ಹಿಡಿಯುವ ವಿಭಾಗದಲ್ಲಿ ವಿದೇಶಿ ತಳಿಗಳನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು. ತಳಿಯ ಹೆಸರಿನಿಂದ ತೀರ್ಪು ಕೊಡುವ ಅಭ್ಯಾಸ ನ್ಯಾಯಾಲಯದಲ್ಲೂ ಊರ್ಜಿತವಾಗಲಿಲ್ಲ. 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ನಿಷೇಧಿಸಲು ಹೊರಟ ಕೇಂದ್ರದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಹಾಗೆಯೇ ಕುರಿಹಿಂಡಿನ ಜೊತೆ ದಿನವಿಡೀ ನಡೆಯುವ, ತಾಂಡಾದ ಹೊಲ ಕಾಯುವ ನಾಯಿಗೆ ಈ ತರಗತಿ ಬೇಕೇ ಎಂದರೆ, ಬೇಡ. ಅದಕ್ಕೆ ಉದ್ಯೋಗವಿದೆ. ತರಗತಿ ಬೇಕಾದದ್ದು ಹೊಸ ಬಡಾವಣೆಯ ಕಾಂಪೌಂಡಿನಲ್ಲಿ ಹಗಲೆಲ್ಲ ಚೈನಿಗೆ ಬಿದ್ದು ಬೊಗಳುವ, ಕೆಲಸ ಕಳೆದುಕೊಂಡ ನಾಯಿಗೆ. ಇದನ್ನು ಶ್ರೀಮಂತರ ಶೋಕಿ ಎಂದರೆ, ಶೋಕಿ ಇರುವುದು ಕೆಲಸವಿಲ್ಲದೆ ನಾಯಿ ಕಟ್ಟಿಹಾಕುವುದರಲ್ಲಿ ಎನ್ನಬೇಕಾಗುತ್ತದೆ.

ಕೊನೆಯ ಸಂಶಯ ಶುಲ್ಕದ್ದು. ಹಂತ ಹೆಚ್ಚಿದಷ್ಟೂ ಹಣ ಹೆಚ್ಚು ಕೀಳಬಹುದು, ನಾಲ್ಕು ಹಂತ ಎಂದರೆ ನಾಲ್ಕು ಸಲ ವಸೂಲಿ ಎಂಬ ಗುಮಾನಿ ಸಹಜ. ಹಂತವನ್ನು ತಿಂಗಳ ಲೆಕ್ಕದಲ್ಲಿ ಮಾರಿದರೆ ಆಗುವುದೂ ಅದೇ: ಮೂರು ತಿಂಗಳಾಯಿತು, ಮೇಲಿನ ತರಗತಿಗೆ ಹಣ ಕಟ್ಟಿ ಎನ್ನುತ್ತಾರೆ, ನಾಯಿ ತಯಾರಿದ್ದರೂ ಇಲ್ಲದಿದ್ದರೂ. ಇದಕ್ಕೆ ಮದ್ದು ಹಂತಗಳನ್ನು ತೆಗೆದುಹಾಕುವುದಲ್ಲ, ಪ್ರತಿ ಹಂತದ ಪರೀಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಮೊದಲೇ ಬರೆದು ಹಾಕುವುದು, ಪರೀಕ್ಷೆ ನೋಡಲು ಪಾಠ ಹೇಳದ ಇನ್ನೊಬ್ಬರನ್ನು ಕರೆಸುವುದು. ಬುನಾದಿಯಲ್ಲೇ ನಿಲ್ಲುವ ನಾಯಿಗಳೇ ಹೆಚ್ಚಿರುತ್ತವೆ, ಅದರಲ್ಲಿ ನಷ್ಟವೇನೂ ಇಲ್ಲ; ಕರೆದರೆ ಬರುವ ನಾಯಿ ಮನೆಗೂ ಕೇರಿಗೂ ಸಾಕು. ಆದ್ದರಿಂದ ತರಗತಿಗೆ ಸೇರಿಸುವ ಮೊದಲು ಎಷ್ಟು ಹರ್ಡಲ್ ಇವೆ, ಎಷ್ಟು ಪದಕ ಬಂದಿವೆ ಎಂದು ಕೇಳುವುದಕ್ಕಿಂತ, ಕಳೆದ ತಂಡದಲ್ಲಿ ಎಷ್ಟು ನಾಯಿಗಳನ್ನು ಮೇಲಿನ ಹಂತಕ್ಕೆ ಕಳಿಸದೆ ಉಳಿಸಿಕೊಂಡಿರಿ, ಯಾಕೆ ಎಂದು ಕೇಳಿ. ಈ ಪ್ರಶ್ನೆಗೆ ನಾಯಿಯ ವಯಸ್ಸು, ಕೀಲು, ಕರೆಗೆ ಕೊಟ್ಟ ಉತ್ತರ ಇವುಗಳ ಲೆಕ್ಕ ಕೊಟ್ಟು ಮಾತಾಡುವ ತರಬೇತುದಾರ ನಂಬಿಕೆಗೆ ಯೋಗ್ಯ. ಎಲ್ಲವೂ ಪಾಸಾಗಿವೆ ಎಂದು ಹೆಮ್ಮೆಯಿಂದ ಹೇಳುವವನ ಕೈಗೆ ನಾಯಿಯ ಬೆಲ್ಟ್ ಕೊಡಬೇಡಿ.